ಉಣುಗು ತೆಗೆದ ಕೈ

೧೯೫೮ರಲ್ಲಿ ಮದುವೆಯಾಗಿ ಶಿಕಾರಿಪುರಕ್ಕೆ ಬಂದಾಗ ನನ್ನನ್ನು ಒಪ್ಪದೆ ಇದ್ದದ್ದು ಆ ಮನೆಯ ನಾಯಿ ಮೋತಿಯೊಂದೇ. ಬಳೆಗಾರನನ್ನು ಬಾಲ ಅಲ್ಲಾಡಿಸಿ ಒಳಗೆ ಬಿಡುತ್ತಿದ್ದ ಅದು, ಅನ್ನ ಹಾಕುವ ನನಗೆ ಬೊಗಳುತ್ತಿತ್ತು.

"ಸರ್ವಮಂಗಳ ಸಾಕಿದ್ದು ಅದು. ದಿನಾ ಮಧ್ಯಾಹ್ನ ಹಿತ್ತಲ ಮೆಟ್ಟಿಲ ಮೇಲೆ ಕುಂತು ಅದರ ಕಿವಿಯಾಗಿನ ಉಣುಗು ತೆಗೀತಿದ್ಲು. ನಿಂಗೆಲ್ಲಿ ಮುಟ್ಟಾಕೆ ಬಿಡ್ತದೆ?" ಎಂದು ನನ್ನವರು ನಗುತ್ತಿದ್ದರು. ತೀರಿಕೊಂಡ ಮೊದಲ ಹೆಂಡತಿಯ ಹೆಸರು ಹೇಳುವಾಗ ಅವರ ದನಿ ಮೆತ್ತಗಾಗುತ್ತಿತ್ತು. ನನ್ನ ಹೆಸರಿಗೆ ಹಾಗಾದದ್ದನ್ನು ನಾನು ಕೇಳಿಲ್ಲ.

ಅತ್ತೆ ಚಂದ್ರಗುತ್ತಿಗೆ ಹೋಗಿದ್ದ ದಿನ ಮನೆಯಲ್ಲಿ ನಾನೊಬ್ಬಳೇ ಇದ್ದೆ. ಮಧ್ಯಾಹ್ನ ಹಿತ್ತಲಿಗೆ ಹೋದರೆ ಮೋತಿ ಮೆಟ್ಟಿಲ ಬಳಿ ಕಣ್ಣು ಮುಚ್ಚಿ ಕೂತಿತ್ತು. ಅದರ ಎಡಗಿವಿ ಒಳಮೈ ಹೊರಗಾಗಿ ಮಡಚಿಕೊಂಡು, ಯಾರೋ ಹಿಡಿದಂತೆ ನಿಂತಿತ್ತು. ನನ್ನನ್ನು ಕಂಡದ್ದೇ ಮೆಟ್ಟಿಲಿಗೆ ಅಡ್ಡ ನಿಂತು ಬೊಗಳಿತು. ಪಕ್ಕದಲ್ಲಿ ಒಂದು ತೆಂಗಿನ ಚಿಪ್ಪಿತ್ತು. ಅದರೊಳಗಿನ ಸೀಮೆಎಣ್ಣೆಯಲ್ಲಿ ಉಣುಗುಗಳು ಇನ್ನೂ ಕಾಲಾಡಿಸುತ್ತಿದ್ದವು.

ಊಟಕ್ಕೆ ಬಂದ ನನ್ನವರು ಚಿಪ್ಪು ನೋಡಿ, "ನೀನಾ ತೆಗ್ದಿದ್ದು?" ಎಂದರು.

ಹೊಟ್ಟೆಕಿಚ್ಚಿಗೆ ಸುಳ್ಳು ಹೇಳಿದೆ. "ಹೂಂ ರೀ. ನಾನೇನು ಕಮ್ಮಿ?"

ಅವರು ಖುಷಿಯಿಂದ ನನ್ನ ಕೈ ಹಿಡಿದು ಮೂಸಿದರು. "ತೊಳ್ಕಾ ಹೋಗೇ, ಸೀಮೆಎಣ್ಣೆ ನಾತ. ಅವಳ ಕೈನೂ ಹಿಂಗೇ ನಾರ್ತಿತ್ತು."

ನಾನು ಆ ಚಿಪ್ಪನ್ನು ಮುಟ್ಟಿರಲಿಲ್ಲ. ಅಂದು ದೀಪಗಳಿಗೂ ಎಣ್ಣೆ ಹಾಕಿರಲಿಲ್ಲ.

ಹಿತ್ತಲಲ್ಲಿ ಸೀಗೆಪುಡಿ ಹಾಕಿ ಕೈ ಉಜ್ಜುತ್ತಿದ್ದಾಗ ಮೋತಿ ಬೊಗಳದೆ ಹತ್ತಿರ ಬಂದು, ಆ ಕೈಗೆ ತನ್ನ ಎಡಗಿವಿ ಒಡ್ಡಿತು.