ಹೆಗಲಿಗೇರಿದ ಮರದ ಬಂದೂಕು

“ಬೆರಳು ತೆಗಿ,” ಎಂದ ಅವನು.

ಅವಳು ಕನ್ನಡಿಯೊಳಗಿಂದಲೇ ಅವನನ್ನು ನೋಡಿದಳು. ಹಣೆಗೆ ಕೆಂಪು ಪಟ್ಟಿ, ಕೆನ್ನೆಗೆ ಮಸಿ, ಮೊಣಕಾಲಿನವರೆಗೆ ಬೂಟು. ಸಂಜೆಯ ನಾಟಕದಲ್ಲಿ ಅವಳು ದಂಗೆಯೆದ್ದವರ ನಾಯಕಿ. ಕೈಯಲ್ಲಿದ್ದ ಉದ್ದನೆಯ ಬಂದೂಕನ್ನು ಮರ, ಕೊಳವೆ, ಬಣ್ಣಗಳಿಂದ ಮಾಡಿದವನು ಅವನೇ. ಈಗ ಅದರ ಟ್ರಿಗರಿನಿಂದ ಬೆರಳು ತೆಗೆಯಬೇಕಂತೆ.

“ಮರದ ಬಂದೂಕಿಗೆ ಇಷ್ಟು ಶಾಸ್ತ್ರ ಯಾಕೋ ಮಾರಾಯ?”

“ಮರದ್ದು ಅಂತ ನಿಂಗೆ ಗೊತ್ತು, ನಂಗೆ ಗೊತ್ತು. ದಾರೀಲಿ ಹೋಗೋರಿಗೆ ಗೊತ್ತಾ?”

ತಂಡದಲ್ಲಿ ಎಲ್ಲರೂ ಅವನನ್ನು ಬೀಗ ಎಂದೇ ಕರೆಯುತ್ತಿದ್ದರು. ಕತ್ತಿ, ಭರ್ಜಿ, ಬಂದೂಕುಗಳನ್ನು ಆಟ ಮುಗಿದೊಡನೆ ಪೆಟ್ಟಿಗೆಗೆ ಹಾಕಿ ಬೀಗ ಜಡಿಯದೆ ಅವನು ಊಟಕ್ಕೂ ಏಳುತ್ತಿರಲಿಲ್ಲ. ಅವಳಿಗೆ ಚೂಟಿ ಎಂಬ ಹೆಸರು. ಎರಡೂ ಹೆಸರನ್ನಿಟ್ಟವರು ಅವಳ ಸೋದರಮಾವ. ತಾಯಿ ತೀರಿಕೊಂಡ ಮೇಲೆ ಅವಳನ್ನು ಸಾಕಿದವರೂ, ಈ ತಂಡದ ಯಜಮಾನರೂ ಅವರೇ.

ಅಷ್ಟರಲ್ಲಿ ಮಾವ ಬಾಗಿಲು ತಳ್ಳಿಕೊಂಡು ಬಂದರು. “ಹೊರಡ್ರೋ ಎಲ್ಲ! ವೇಷದಲ್ಲೇ ಪೇಟೆ ಬೀದಿ ಸುತ್ತಿ ಬರೋಣ. ಜನ ನೋಡ್ಲಿ. ಇಲ್ಲಾಂದ್ರೆ ಸಂಜೆ ಖಾಲಿ ಕುರ್ಚಿಗಳ ಮುಂದೆ ಕುಣಿಯೋದಾಗತ್ತೆ.”

“ಹೋಗೋಣ ಯಜಮಾನ್ರೇ,” ಎಂದ ಬೀಗ. “ಆದ್ರೆ ಬಂದೂಕು ಬ್ಯಾಗಲ್ಲಿರತ್ತೆ. ಹೊರಗೆ ತೆಗೀಲೇಬೇಕು ಅಂದ್ರೆ ಆಟದ್ದು ಅಂತ ಗೊತ್ತಾಗೋಕೆ ತುದಿಗೆ ಈ ಕಿತ್ತಳೆ ಬಣ್ಣದ ಮುಚ್ಚಳ ಇರ್ಬೇಕು, ಪಕ್ಕದಲ್ಲಿ ವೇಷ ಹಾಕ್ದೇ ಇರೋರೊಬ್ರು ನಡೀಬೇಕು. ಮೊದಲು ಪೊಲೀಸ್ ಸ್ಟೇಷನ್ನಿಗೆ ಒಂದು ಮಾತು ಹೇಳಿ ಬರ್ತೀನಿ.”

“ಕಿತ್ತಳೆ ಮುಚ್ಚಳ ಹಾಕ್ಕೊಂಡು ಯಾರಾದ್ರೂ ದಂಗೆ ಏಳ್ತಾರೇನೋ? ಫೋಟೋದಲ್ಲಿ ಜ್ಯೂಸ್ ಕುಡಿಯೋ ಕೊಳವೆ ಥರ ಕಾಣತ್ತೆ!” ಮಾವ ಬೀಗ ತುದಿಗೆ ಸಿಕ್ಕಿಸಿದ್ದ ಮುಚ್ಚಳವನ್ನು ಕಿತ್ತು ತಮ್ಮ ಜೇಬಿಗೆ ಹಾಕಿಕೊಂಡರು. “ಸ್ಟೇಷನ್ನಿಗೆ ಹೋಗಿ ಬರೋಷ್ಟರಲ್ಲಿ ಸಂಜೆ ಆಗತ್ತೆ. ಚೂಟಿ, ಹೆಗಲಿಗೇರಿಸು.”

ಬೀಗ ಅವಳತ್ತ ತಿರುಗಿದ. “ನೀನು ಹೇಳು. ನೀನು ಬೇಡ ಅಂದ್ರೆ ಕೇಳ್ತಾರೆ.”

ಖಾಲಿ ಕುರ್ಚಿಗಳ ಚಿಂತೆಯಲ್ಲಿ ಮಾವ ವಾರದಿಂದ ನಿದ್ದೆಗೆಟ್ಟದ್ದು ಮುಖದಲ್ಲೇ ಕಾಣುತ್ತಿತ್ತು. ಇಲ್ಲ ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ಆ ಇಕ್ಕಟ್ಟು ಸಿಟ್ಟಾಗಿ ಹೊರಬಂದದ್ದು ಅವನ ಮೇಲೆ.

“ಬೇರೆಯೋರ ಸಾಮಾನು ಒಂದು ಸಲ ನೋಡ್ತೀಯ, ನನ್ನದು ಮಾತ್ರ ಎರಡೆರಡು ಸಲ. ನನ್ನ ಮೇಲೆ ನಂಬಿಕೆ ಇಲ್ಲ ಅಲ್ವಾ ನಿಂಗೆ?”

ಅವನು ಖಾಲಿ ಬ್ಯಾಗನ್ನು ಎತ್ತಿಕೊಂಡು ಹೊರಗೆ ನಡೆದುಬಿಟ್ಟ.

ಪೇಟೆ ಬೀದಿಯಲ್ಲಿ ಮೊದಮೊದಲು ಎಲ್ಲವೂ ಸೊಗಸಾಗಿತ್ತು. ಮುಂದೆ ಡ್ರಮ್ಮು, ಹಿಂದೆ ರಾಜ, ಮಂತ್ರಿ, ಸೈನಿಕರು. ಅಂಗಡಿಯವರು ಹೊರಗೆ ಬಂದು ಫೋನು ಹಿಡಿದರು. ಯಾರೋ ಶಿಳ್ಳೆ ಹಾಕಿದರು. ಅವಳು ಎದೆಯುಬ್ಬಿಸಿ ನಡೆದಳು. ಆದರೆ ಕಣ್ಣು ಮಾತ್ರ ಗುಂಪಿನಲ್ಲಿ ಒಂದೇ ಮುಖವನ್ನು ಹುಡುಕುತ್ತಿತ್ತು. ಅದು ಕಾಣಲಿಲ್ಲ. ಕಾಣದಿದ್ದರೆ ನನಗೇನು ಎಂದುಕೊಂಡಳು. ಆಮೇಲೆ ಮತ್ತೆ ಹುಡುಕಿದಳು.

ತಿರುವಿನಲ್ಲಿ ಬೂಟಿನ ದಾರ ಬಿಚ್ಚಿಕೊಂಡಿತು. ಪಕ್ಕದ ಮೆಟ್ಟಿಲ ಮೇಲೆ ಕಾಲಿಟ್ಟು ಕಟ್ಟತೊಡಗಿದಳು. ಡ್ರಮ್ಮಿನ ಸದ್ದು ಮೂಲೆ ತಿರುಗಿ ಸಣ್ಣದಾಯಿತು. ಎದ್ದು ನಿಂತಾಗ ಬಂದೂಕು ಹೆಗಲಿಂದ ಜಾರಿ ಮೊಣಕೈಗೆ ಬಂದಿತ್ತು. ಆಗಲೇ ಗಾಜಿನ ಬಾಗಿಲು ತೆರೆದು ಹೊರಬಂದ ಹೆಂಗಸೊಬ್ಬಳು ಅವಳನ್ನು ಕಂಡವಳೇ ಕಿಟಾರನೆ ಕಿರುಚಿಕೊಂಡಳು.

ಚೂಟಿ ತಲೆಯೆತ್ತಿ ನೋಡಿದಳು. ಅದು ಬ್ಯಾಂಕಿನ ಮೆಟ್ಟಿಲು.

ರಾಜನಿಲ್ಲ, ಮಂತ್ರಿಯಿಲ್ಲ, ಡ್ರಮ್ಮಿಲ್ಲ. ಮುಖಕ್ಕೆ ಮಸಿ ಬಳಿದುಕೊಂಡ ಒಬ್ಬಳು, ಅವಳ ತೋಳಿನಲ್ಲಿ ಒಂದು ಬಂದೂಕು. ಹಿಂದಿನ ವಾರವಷ್ಟೇ ಅದೇ ಬೀದಿಯಲ್ಲಿ ಚಿನ್ನದಂಗಡಿಯನ್ನು ದೋಚಿದ್ದರು.

“ಅಲ್ಲೇ ನಿಲ್ಲು!”

ಬಾಗಿಲಲ್ಲಿ ಕಾವಲುಗಾರ. ನರೆತ ಮೀಸೆಯ, ಸಡಿಲ ಸಮವಸ್ತ್ರದ ಮನುಷ್ಯ. ಅವನ ಕೈಯಲ್ಲಿದ್ದದ್ದು ಮರದ್ದಲ್ಲ. ಅದರ ಕಪ್ಪು ಬಾಯಿ ನೇರ ಅವಳ ಎದೆಯತ್ತ ತಿರುಗಿತ್ತು. ಬಂದೂಕು ನಡುಗುತ್ತಿತ್ತು. ಅದು ನಡುಗುತ್ತಿದೆ ಎಂಬುದೇ ಅವಳಿಗೆ ಹೆಚ್ಚು ಭಯ ಹುಟ್ಟಿಸಿತು.

ನೋಡಿ, ಇದು ಬರೀ ಮರ ಎಂದು ಎತ್ತಿ ತೋರಿಸಬೇಕೆನ್ನಿಸಿತು. ಕೈ ಆಗಲೇ ಅತ್ತ ಹೊರಟಿತ್ತು.

“ಚೂಟಿ. ಅಲ್ಲಾಡ್ಬೇಡ.”

ರಸ್ತೆಯ ಆಚೆಯಿಂದ ಬಂದ ದನಿ. ಕೂಗಿದ್ದಲ್ಲ, ಪಕ್ಕದಲ್ಲೇ ಕೂತು ಹೇಳಿದಷ್ಟು ಶಾಂತವಾಗಿತ್ತು. ಅವಳ ಕೈ ಗಾಳಿಯಲ್ಲೇ ನಿಂತಿತು.

“ಅದನ್ನ ಮುಟ್ಬೇಡ. ಎಸೀಲೂಬೇಡ. ಎರಡೂ ಅಂಗೈ ಬಿಚ್ಚಿ ಅಣ್ಣನಿಗೆ ಕಾಣೋ ಹಾಗೆ ಹಿಡಿ. ನಿಧಾನ. ಇನ್ನೂ ನಿಧಾನ.”

ಅವಳು ಅಂಗೈ ಬಿಚ್ಚಿದಳು. ಬೆವರಿಗೆ ಮಸಿ ಕರಗಿ ಕಣ್ಣಿಗಿಳಿಯಿತು. ಒರೆಸಿಕೊಳ್ಳಲಿಲ್ಲ.

“ಏ, ಯಾರೋ ನೀನು? ಇವಳ ಗ್ಯಾಂಗಾ?” ಕಾವಲುಗಾರನ ಬಂದೂಕು ಅತ್ತ ಹೊರಳಿ, ಮತ್ತೆ ಇವಳತ್ತ ಬಂತು.

ಬೀಗ ಬ್ಯಾಗನ್ನು ರಸ್ತೆಯಲ್ಲೇ ಬಿಟ್ಟು ಎರಡೂ ಕೈ ಮೇಲೆತ್ತಿದ್ದ. ಒಂದು ಹೆಜ್ಜೆಯನ್ನೂ ಮುಂದಿಡಲಿಲ್ಲ. “ನಾಟಕದೋರು ಅಣ್ಣ. ಅದು ಮರದ್ದು. ನೀವು ಈಗಲೇ ನಂಬಬೇಕಾಗಿಲ್ಲ. ಏನು ಮಾಡ್ಬೇಕು ಅಂತ ಹೇಳಿ, ಹಾಗೇ ಮಾಡ್ತಾಳೆ. ಬೆರಳು ಮಾತ್ರ ಸ್ವಲ್ಪ ಆಚೆ ಇಟ್ಕೊಳ್ಳಿ.”

“ನಂಗೆ ಹೇಳ್ಬೇಡ! ಅವಳು ನಿಂಗೇನಾಗ್ಬೇಕು?”

ಅಂಗಡಿಗಳ ಮುಂದೆ ಜನ ಗುಂಪುಗಟ್ಟಿ ನಿಂತಿದ್ದರು. ಅವಳಿಗೆ ಅವನ ಮುಖ ಕಾಣುತ್ತಿರಲಿಲ್ಲ. ತಿರುಗುವಂತಿಲ್ಲ.

“ಇನ್ನೂ ಏನೂ ಆಗಿಲ್ಲ ಅಣ್ಣ,” ಎಂದ ಅವನು. ಅಷ್ಟು ಹೊತ್ತು ಗಟ್ಟಿಯಾಗಿದ್ದ ದನಿ ಈಗ ಒಡೆಯಿತು. “ಆಗ್ಲಿ ಅಂತ ಆಸೆ ಇದೆ. ಅವಳಿಗೆ ಹೇಳಿಲ್ಲ. ಹೇಳೋಕೆ ಒಂದು ಅವಕಾಶ ಕೊಡಿ.”

ಕಾವಲುಗಾರ ಕಣ್ಣು ಮಿಟುಕಿಸಿದ. ಕೊಳವೆಯ ಬಾಯಿ ಒಂದಿಷ್ಟೇ ಕೆಳಗಿಳಿಯಿತು.

“ಮಂಡಿಯೂರು,” ಎಂದ ಅವಳಿಗೆ.

ಅವಳು ಮಂಡಿಯೂರಿದಳು. ಹೆಗಲಪಟ್ಟಿ ಮೊಣಕೈಯಿಂದ ಜಾರಿ, ಬಂದೂಕು ಕಲ್ಲಿನ ಮೇಲೆ ಬಿತ್ತು. ಕುರ್ಚಿಯ ಕಾಲು ಬಿದ್ದಂಥ ಟೊಳ್ಳು ಸದ್ದು. ಕಾವಲುಗಾರ ಅದನ್ನು ಕೇಳಿದ. ಒಂದು ಕ್ಷಣ ಹಾಗೇ ನಿಂತು, ಗೋಡೆಗೊರಗಿ ಕುಸಿದು ಕೂತುಬಿಟ್ಟ. ಪೊಲೀಸ್ ಜೀಪು ಬಂದಾಗಲೂ ಅವನಿಗೆ ಏಳಲಾಗಲಿಲ್ಲ.

ಸ್ಟೇಷನ್ನಿನ ಬೆಂಚಿನ ಮೇಲೆ ಚೂಟಿ, ಬೀಗ ಇಬ್ಬರನ್ನೂ ಕೂರಿಸಿದ್ದರು. ನಡುವೆ ಒಬ್ಬರು ಕೂರುವಷ್ಟು ಜಾಗ. ಒಳಗೆ ಯಾರ ಮೇಲೆ ಕೇಸು ಎಂಬ ಮಾತು ನಡೆದಿತ್ತು.

“ಬರಲ್ಲ ಅಂತ ಹೋದೋನು ಹಿಂದೇನೇ ಬರ್ತಿದ್ದೆಯಾ?” ಎಂದಳು ಗೋಡೆ ನೋಡುತ್ತಾ.

“ಬರಲ್ಲ ಅಂತ ಹೇಳ್ಲಿಲ್ಲವಲ್ಲ. ಸುಮ್ನೆ ಎದ್ದು ಹೋದೆ.”

“ಎರಡು ಸಲ ನೋಡೋದು ಯಾಕೆ ಅಂತ ಕೇಳಿದ್ದೆ. ಅದಕ್ಕೂ ಸುಮ್ನೆ ಎದ್ದು ಹೋದೆ.”

ಅವನು ಉಗುರಿನ ಬಣ್ಣ ಕೆರೆದ. “ಮೊದಲನೇ ಸಲ ಬಂದೂಕನ್ನ ನೋಡ್ತೀನಿ.”

“ಎರಡನೇ ಸಲ?”

ಅವನ ಕಿವಿ ಮಾತ್ರ ನಿಧಾನವಾಗಿ ಕೆಂಪಾಯಿತು. ಅವಳಿಗೆ ಇಂಥ ಹೊತ್ತಿನಲ್ಲೂ ನಗು ಬಂತು. ಮರುಗಳಿಗೆಯೇ ಒಳಗಿಂದ ಕರೆ ಬಂತು.

ಮೇಜಿನಾಚೆ ಮಹಿಳಾ ಅಧಿಕಾರಿ. ಮಾವ ಕೈಕಟ್ಟಿ ನಿಂತಿದ್ದರು.

“ಸಾಮಾನಿನ ಜವಾಬ್ದಾರಿಯೆಲ್ಲ ಇವನದ್ದೇ ಮೇಡಂ,” ಎನ್ನುತ್ತಿದ್ದರು ಮಾವ. “ತುದಿಗೆ ಮುಚ್ಚಳ ಹಾಕೋದು ಇವನ ಕೆಲಸ. ಹಾಕಿಲ್ಲ.”

ಅಧಿಕಾರಿ ಬೀಗನನ್ನು ನೋಡಿದರು. “ಹೌದೇನಪ್ಪಾ?”

ಅವನು ಒಮ್ಮೆ ಚೂಟಿಯನ್ನು, ಒಮ್ಮೆ ಮಾವನನ್ನು ನೋಡಿದ. “ಹೌದು ಮೇಡಂ. ನನ್ನ ಕೆಲಸವೇ.”

ಅಷ್ಟೇ. ತಪ್ಪನ್ನು ತನ್ನ ಮೇಲೆ ಎಳೆದುಕೊಳ್ಳಲು ನಿರ್ಧರಿಸಿಬಿಟ್ಟಿದ್ದ.

ಅನ್ನ ಹಾಕಿ ಬೆಳೆಸಿದ ಮಾವ. ಜ್ವರ ಬಂದಾಗ ಹೆಗಲ ಮೇಲೆ ಹೊತ್ತು ತಿರುಗಿದವರು. ಅವರ ಎದುರು ನಿಂತು ಅವಳು ಒಂದು ದಿನವೂ ಮಾತಾಡಿರಲಿಲ್ಲ. ಈಗ ಮೇಜಿನ ಮುಂದೆ ಬಂದು ನಿಂತಳು.

“ಸುಳ್ಳು ಮೇಡಂ. ಇವನು ಮುಚ್ಚಳ ಹಾಕಿದ್ದ. ಬ್ಯಾಗಲ್ಲೇ ಇರ್ಲಿ, ಸ್ಟೇಷನ್ನಿಗೆ ಹೇಳಿ ಹೋಗೋಣ ಅಂದ. ಮುಚ್ಚಳ ಕಿತ್ತದ್ದು ನಮ್ಮ ಮಾವ. ಅವರ ಜೇಬಲ್ಲೇ ಇದೆ. ಬೇಡ ಅನ್ನದೆ ಹೊತ್ಕೊಂಡು ಹೋದದ್ದು ನಾನು. ಕೇಸು ಹಾಕೋದಾದ್ರೆ ನಮ್ಮಿಬ್ಬರ ಮೇಲೆ ಹಾಕಿ.”

ಮಾವನ ಮುಖ ಬಿಳಿಚಿಕೊಂಡಿತು. ಅವರು ಅವಳನ್ನು ಬೇರೆ ಯಾರನ್ನೋ ನೋಡುವಂತೆ ನೋಡಿದರು. ಆಮೇಲೆ ಜೇಬಿಗೆ ಕೈಹಾಕಿ ಮುಚ್ಚಳವನ್ನು ಮೇಜಿನ ಮೇಲಿಟ್ಟರು.

ಅಧಿಕಾರಿ ಅದನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು. “ಹೊರಗೆ ಆ ಕಾವಲುಗಾರ ಕೂತಿದ್ದಾನೆ. ನೀರಿನ ಲೋಟ ಹಿಡಿಯೋಕೂ ಆಗ್ತಿಲ್ಲ ಆತನಿಗೆ. ಟ್ರಿಗರ್ ಒತ್ತಿಬಿಟ್ಟಿದ್ರೆ ನಿಮ್ಮ ಮನೇದು ಒಂದು ಜೀವ, ಅವನದ್ದು ಇಡೀ ಬಾಳು ಹೋಗ್ತಿತ್ತು. ಇವತ್ತು ಆಟ ಇಲ್ಲ. ಇನ್ನು ಹೀಗೆ ಮಾಡಲ್ಲ ಅಂತ ಬರೆದುಕೊಟ್ಟು ಹೋಗಿ. ಇನ್ನೊಂದು ಸಲ ಹೀಗಾದ್ರೆ ನಾನು ಇಷ್ಟು ಒಳ್ಳೆಯವಳಾಗಿರಲ್ಲ.”

ಹೊರಗೆ ಬಂದು ಅವಳು ಕಾವಲುಗಾರನ ಮುಂದೆ ನಿಂತಳು. “ತಪ್ಪಾಯ್ತು ಅಣ್ಣ.” ಅವನು ಅವಳ ಮಸಿ ಮುಖವನ್ನು ನೋಡಿ, “ನಂಗೂ ನಿನ್ನಷ್ಟೇ ವಯಸ್ಸಿನ ಮಗಳಿದ್ದಾಳಮ್ಮಾ,” ಎಂದಷ್ಟೇ ಹೇಳಿ ಕಣ್ಣೊರೆಸಿಕೊಂಡ.

ಮಾವ ವ್ಯಾನಿನ ಬಾಗಿಲು ಹಿಡಿದು ನಿಂತಿದ್ದರು. ಬೀಗನ ಮುಖ ನೋಡಲಾಗದೆ ನೆಲ ನೋಡುತ್ತಾ ಹೇಳಿದರು, “ಬ್ಯಾಂಕಿನ ಮುಂದೆ ನೀನಂದದ್ದು ನನ್ನ ಕಿವಿಗೂ ಬಿತ್ತು. ಬೀಗ ಅಂತ ಹೆಸರಿಟ್ಟದ್ದೇ ತಪ್ಪಾಯ್ತು ನಂದು. ನೆಂಟಸ್ತನಕ್ಕೇ ಬಂದುಬಿಟ್ಟೆ.” ನಗಲು ಹೋದರು, ಆಗಲಿಲ್ಲ. “ನನ್ನ ತಪ್ಪನ್ನ ನೀನು ಹೊರೋದು ಬೇಡಪ್ಪ. ಚೂಟಿ, ಹತ್ತು.”

“ನಡ್ಕೊಂಡು ಬರ್ತೀನಿ ಮಾವ.”

ಮಾವ ತಲೆಯಾಡಿಸಿ ಹತ್ತಿಕೊಂಡರು. ವ್ಯಾನು ಹೊರಟಿತು.

ನಾಲ್ಕು ಹೆಜ್ಜೆ ನಡೆದು ಅವಳು ನಿಂತುಬಿಟ್ಟಳು. ಅಷ್ಟು ಹೊತ್ತು ಎಲ್ಲಿತ್ತೋ, ನಡುಕ ಈಗ ಬಂತು. ಹಲ್ಲು ಕಟಕಟ ಎಂದವು. ಬೀಗ ಅವಳನ್ನು ನಲ್ಲಿಯ ಕಟ್ಟೆಯ ಮೇಲೆ ಕೂರಿಸಿ, ಕರವಸ್ತ್ರ ತೋಯಿಸಿ ಅವಳ ಹಣೆ, ಕೆನ್ನೆ, ಗಲ್ಲದ ಮಸಿಯನ್ನು ಒರೆಸಿದ. ಅಷ್ಟು ಹತ್ತಿರದಲ್ಲಿ ಅವನ ಕಣ್ಣಿನ ಕೆಳಗೆ ಬಣ್ಣದ ಒಂದು ಸಣ್ಣ ಚುಕ್ಕೆ ಕಂಡಿತು.

“ಆ ಅಣ್ಣ ಅವಕಾಶ ಕೊಟ್ಟಾಯ್ತು,” ಎಂದಳು. “ಹೇಳು.”

“ಅಷ್ಟು ಜನರ ಮುಂದೆ ಹೇಳಿದ್ದು ಸಾಲ್ದಾ?”

“ಅವರಿಗೆಲ್ಲ ಹೇಳಿದ್ದು. ನಂಗಲ್ಲ.”

ಅವನ ಕೈ ಅವಳ ಕೆನ್ನೆಯ ಮೇಲೆ ನಿಂತಿತು. “ಆಗ ನೀನು ಹೋಗ್ಬಿಟ್ಟಿದ್ರೆ, ಆ ಬಂದೂಕು ಮಾಡಿದ ಈ ಕೈ ಮತ್ತೆ ಯಾವ ಕೆಲಸಕ್ಕೂ ಏಳ್ತಿರ್ಲಿಲ್ಲ,” ಎಂದ. “ನನ್ನ ಜೊತೆ ಇದ್ದುಬಿಡು ಚೂಟಿ.”

ಅವಳು ಅವನ ಒದ್ದೆ ಕೈಯನ್ನು ತನ್ನೆರಡು ಕೈಗಳಲ್ಲಿ ಹಿಡಿದುಕೊಂಡು ಮಡಿಲಲ್ಲಿಟ್ಟುಕೊಂಡಳು. ನಡುಕ ನಿಂತಿತು. ನಿಂತ ಮೇಲೂ ಆ ಕೈಯನ್ನು ಬಿಡಲಿಲ್ಲ.