ಮೂರನೇ ಅಂಕದ ಮೆಟ್ಟಿಲು

ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ಒಪೆರಾ ಮಂದಿರದ ಕಾರ್ಯದರ್ಶಿ ಠಾಣೆಗೆ ಬಂದರು. ಅವಸರದಲ್ಲಿ ಕೋಟಿನ ಗುಂಡಿಗಳನ್ನು ಅದಲುಬದಲಾಗಿ ಹಾಕಿಕೊಂಡಿದ್ದರು. ದೂರು ಹೇಳುವ ಮೊದಲು ಬಾಗಿಲು ಮುಚ್ಚಬಹುದೇ ಎಂದು ಕೇಳಿದರು. ಇನ್‌ಸ್ಪೆಕ್ಟರ್ ಮೇಡಂ ತಲೆಯಾಡಿಸಿದರು. ಹೆಡ್‌ಕಾನ್‌ಸ್ಟೇಬಲ್ ಬಾಗಿಲು ಮುಚ್ಚಿ ತಾನು ಒಳಗೇ ಉಳಿದ. ಯಾವ ವಿಷಯವನ್ನೂ ಬುಡದಿಂದ ಶುರುಮಾಡಿ ಹೇಳುವ ಚಾಳಿಯಿಂದಾಗಿ ಠಾಣೆಯಲ್ಲಿ ಅವನಿಗೆ ಪುರಾಣಪ್ಪ ಎಂದೇ ಹೆಸರು. ಹೇಳುವಷ್ಟೇ ಕೇಳುವ ಚಟವೂ ಅವನಿಗಿತ್ತು.

ಕಳುವಾದದ್ದು ಒಂದೇ ಒಂದು ಹಾಳೆ. ಒಪೆರಾ ಎಂದರೆ ಮಾತೆಲ್ಲ ಹಾಡಿನಲ್ಲೇ ನಡೆಯುವ ನಾಟಕ. ಅಂಥದೊಂದು ನಾಟಕಕ್ಕೆ ಹೆಸರಾಂತ ಆಧುನಿಕ ಚಿತ್ರಕಾರರೊಬ್ಬರು ತಮ್ಮ ನಡುವಯಸ್ಸಿನಲ್ಲಿ ರಂಗಸಜ್ಜಿಕೆಯ ಏಳು ಸ್ಕೆಚ್ ಬರೆದು ಮಂದಿರಕ್ಕೆ ಮಾರಿದ್ದರು. ಪಡಸಾಲೆಯ ಪಕ್ಕದ ಕೋಣೆಯಲ್ಲಿ ಏಳನ್ನೂ ಚೌಕಟ್ಟು ಹಾಕಿಸಿ ತೂಗುಹಾಕಿದ್ದರು. ಈಗ ಮೂರನೇ ಅಂಕದ ಸ್ಕೆಚ್ ಮಾಯವಾಗಿತ್ತು.

"ಯಾವಾಗ ಗೊತ್ತಾಯ್ತು?"

"ನಿನ್ನೆ ಸಂಜೆ. ದೊಡ್ಡ ದಾನಿಗಳೊಬ್ಬರು ಬಂದಿದ್ರು, ಅವರಿಗೆ ತೋರಿಸ್ತಾ ಇದ್ದೆ."

"ಚೌಕಟ್ಟು ಖಾಲಿ ಇತ್ತಾ?"

ಕಾರ್ಯದರ್ಶಿ ಮುಖ ಹುಳ್ಳಗೆ ಮಾಡಿಕೊಂಡರು. "ಇಲ್ಲ. ನಮ್ಮದೇ ಹಳೇ ಪೋಸ್ಟರಿಂದ ಕತ್ತರಿಸಿದ ಚಿತ್ರ ಇಟ್ಟಿದ್ರು. ಅದೇ ಮೆಟ್ಟಿಲು, ಅದೇ ಅಳತೆ. ಪೆನ್ಸಿಲ್ ಗೆರೆ ಎಷ್ಟು ಜೀವಂತವಾಗಿದೆ ನೋಡಿ ಅಂತ ನಾನು ಹೇಳ್ತಾನೇ ಇದ್ದೆ. ಕೊನೆಗೆ ಅವರೇ ಕೇಳಿದ್ರು, ಇದು ಅಚ್ಚು ಹಾಕಿದ್ದಲ್ವಾ ಅಂತ."

ಪುರಾಣಪ್ಪ ಕೆಮ್ಮಿದ. ನಗು ಮುಚ್ಚಿಕೊಳ್ಳಲು ಅವನಿಗೆ ಗೊತ್ತಿದ್ದ ಉಪಾಯ ಅದೊಂದೇ.

FIR ದಾಖಲಾಯಿತು. ಮಧ್ಯಾಹ್ನದೊಳಗೆ ಸ್ಥಳ ಪಂಚನಾಮೆಯೂ ಮುಗಿಯಿತು. ಕೋಣೆಯ ಬೀಗ ಒಡೆದಿರಲಿಲ್ಲ. ಸುಣ್ಣ ಹೊಡೆಯುವಾಗ ಬಿಚ್ಚಿಟ್ಟ ಕ್ಯಾಮೆರಾವನ್ನು ಮತ್ತೆ ಹಾಕಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ. ಚೌಕಟ್ಟಿನ ಬೆನ್ನಿನ ಕಾಗದವನ್ನು ಬ್ಲೇಡಿನಿಂದ ಸೀಳಿ, ಆಮೇಲೆ ಅಂಟು ಹಚ್ಚಿ ಮುಚ್ಚಿದ್ದರು. ಅಂಟು ಅಲ್ಲಲ್ಲಿ ಚೆಲ್ಲಿ ಗಂಟುಗಟ್ಟಿತ್ತು.

ಇನ್‌ಸ್ಪೆಕ್ಟರ್ ಉಳಿದ ಆರು ಸ್ಕೆಚ್‌ಗಳ ಮುಂದೆ ಒಂದು ಸುತ್ತು ನಡೆದರು. ಮೊದಲನೆಯದು ಬಣ್ಣದ್ದು. ಅದೊಂದನ್ನು ಮಾರಿದರೆ ಮಂದಿರಕ್ಕೆ ಹೊಸ ಚಾವಣಿಯನ್ನೇ ಹಾಕಿಸಬಹುದು ಎಂದು ಕಾರ್ಯದರ್ಶಿ ಹೇಳಿದರು. ಕಳ್ಳ ಅದನ್ನು ಕಣ್ಣೆತ್ತಿಯೂ ನೋಡದೆ ಬರೀ ಪೆನ್ಸಿಲಿನ ಮೆಟ್ಟಿಲನ್ನು ಒಯ್ದಿದ್ದ.

ಕಾವಲುಗಾರ ಬಾಗಿಲ ಬಳಿಯೇ ನಿಂತಿದ್ದ.

"ಹೋದ ವಾರ ಹೊರಗಿನವರು ಯಾರಾದ್ರೂ ಈ ಕೋಣೆಗೆ ಬಂದಿದ್ರಾ?"

"ಒಂದು ನರಪಿಳ್ಳೆನೂ ಬಂದಿಲ್ಲ ಮೇಡಂ."

"ಬೀಗದ ಕೈ?"

"ನನ್ನ ಹತ್ರಾನೇ ಇರುತ್ತೆ."

ಕಾರ್ಯದರ್ಶಿಗೆ ಆಗಲೇ ಒಬ್ಬನ ಮೇಲೆ ಅನುಮಾನವಿತ್ತು. ಮುಂದಿನ ತಿಂಗಳು ಅದೇ ಒಪೆರಾವನ್ನು ಹಳೆಯ ಸ್ಕೆಚ್‌ಗಳ ಪ್ರಕಾರವೇ ಮತ್ತೆ ಆಡುವುದಿತ್ತು. ರಂಗದ ಬಡಗಿಗಳ ಮೇಸ್ತ್ರಿ ಮೂರನೇ ಅಂಕದ ಮೆಟ್ಟಿಲು ಮಾಡುವುದಿಲ್ಲವೆಂದು ಎಲ್ಲರೆದುರು ಕೂಗಾಡಿದ್ದನಂತೆ.

ಮೇಸ್ತ್ರಿ ರಂಗದ ಹಿಂದಿನ ಕಾರ್ಖಾನೆಯಲ್ಲಿ ಸಿಕ್ಕಿದ. ಮೂವತ್ತೈದರ ಆಸುಪಾಸಿನ ವಯಸ್ಸು, ಹುಬ್ಬಿನ ಮೇಲೆಲ್ಲ ಮರದ ಪುಡಿ. ಅವನ ಹಿಂದೆ ಅರ್ಧ ಕಟ್ಟಿದ ಮೆಟ್ಟಿಲು ಗೋಡೆಯಷ್ಟು ಕಡಿದಾಗಿ ಮೇಲೇರಿತ್ತು. ಎರಡೂ ಬದಿ ಬಟಾಬಯಲು.

"ಜಗಳ ಆಡಿದ್ರಂತೆ."

"ಆಡ್ದೆ."

"ಯಾಕೆ?"

"ರೇಲಿಂಗ್ ಇಲ್ಲದೆ ಇದನ್ನ ಮೇಲಕ್ಕೆ ಎತ್ತಲ್ಲ ಅಂದೆ. ಸ್ಕೆಚ್‌ನಲ್ಲಿ ರೇಲಿಂಗ್ ಇಲ್ಲ ಅಂದ್ರು. ಹಾಗಾದ್ರೆ ನೀವೇ ಮೊಳೆ ಹೊಡ್ಕೊಳ್ಳಿ ಅಂದೆ."

"ಇಷ್ಟಕ್ಕೇ ಅಷ್ಟು ಕೋಪಾನಾ?"

ಮೇಸ್ತ್ರಿ ಉಳಿಯನ್ನು ಕೆಳಗಿಟ್ಟ. "ಹಿಂದೊಂದ್ಸಲ ಆಡಿದಾಗ ನಮ್ಮಕ್ಕ ಈ ಮೆಟ್ಟಿಲಿಂದಾನೇ ಬಿದ್ದು ಸತ್ಲು ಮೇಡಂ. ಮೇಳದಲ್ಲಿ ಹಾಡ್ತಿದ್ಲು. ನಾನಾಗ ಸ್ಕೂಲಲ್ಲಿದ್ದೆ."

ಇದಕ್ಕಿಂತ ದೊಡ್ಡ ಕಾರಣ ಕಳ್ಳನಿಗೆ ಬೇಕಿರಲಿಲ್ಲ. ಅಂದೇ ಸಂಜೆ ಅವನ ಮನೆಯನ್ನು ಶೋಧಿಸಿದರು. ಹಾಸಿಗೆ ಮಗುಚಿದರು, ಅಟ್ಟದ ಪೆಟ್ಟಿಗೆಗಳನ್ನು ಇಳಿಸಿದರು, ಸತ್ತ ತಾಯಿಯ ಬಟ್ಟೆಯ ಗಂಟನ್ನೂ ಬಿಚ್ಚಿದರು. ಮೇಸ್ತ್ರಿಯ ಹೆಂಡತಿ ಗೋಡೆಗೊರಗಿ ನಿಂತು ನೋಡುತ್ತಿದ್ದಳು. ಏನೂ ಸಿಗಲಿಲ್ಲ.

"ಇಟ್ಕೊಳ್ಳೋಕೆ ಅದೇನು ನಮ್ಮಪ್ಪನ ಫೋಟೋನಾ?" ಎಂದ ಮೇಸ್ತ್ರಿ. "ಕೈಗೆ ಸಿಕ್ಕಿದ್ರೆ ಒಲೆಗೆ ಹಾಕ್ತಿದ್ದೆ."

ಅವನು ಸುಳ್ಳು ಹೇಳುತ್ತಿಲ್ಲವೆಂದು ಇನ್‌ಸ್ಪೆಕ್ಟರಿಗೆ ಅನ್ನಿಸಿತು. ಸುಡುವವನು ಪೋಸ್ಟರ್ ಕತ್ತರಿಸಿ ಚೌಕಟ್ಟಿಗೆ ಹಾಕುವ ಉಸಾಬರಿಗೆ ಹೋಗುವುದಿಲ್ಲ. ಹಾಗೆ ಮಾಡಿದವನಿಗೆ ಕೆಲವು ದಿನಗಳ ಸಮಯ ಬೇಕಿತ್ತು. ಬಹುಶಃ ಸ್ಕೆಚ್ಚನ್ನು ಮರಳಿ ತಂದಿಡುವ ಉದ್ದೇಶವೂ ಇತ್ತು.

"ಈ ರೇಲಿಂಗಿನ ವಿಷಯ ಬೇರೆ ಯಾರಿಗೆ ಹೇಳಿದ್ರಿ?"

"ಚಿತ್ರಕಾರರ ಮನೆಗೇ ಹೋಗಿದ್ದೆ. ನಾನು ಇಂಥವಳ ತಮ್ಮ ಅಂದೆ. ಅವರು ಒಂದು ಮಾತೂ ಆಡ್ಲಿಲ್ಲ. ಎದ್ದು ಬಂದೆ."

ಮಂಗಳವಾರ ಇನ್‌ಸ್ಪೆಕ್ಟರ್ ಠಾಣೆಯಲ್ಲಿ ಆ ಸಾವಿನ ಹಳೆಯ ಕಡತ ತೆಗೆಸಿ ಓದಿದರು. ಮೂರನೇ ಅಂಕದಲ್ಲಿ ರಾಣಿಯ ಸಖಿಯರು ಹಾಡುತ್ತ ಮೆಟ್ಟಿಲಿಳಿಯುತ್ತಾರೆ. ನಡುವೆ ಎರಡು ಉಸಿರಿನಷ್ಟು ಹೊತ್ತು ದೀಪಗಳೆಲ್ಲ ಆರುತ್ತವೆ. ಮತ್ತೆ ದೀಪ ಹೊತ್ತಿಕೊಂಡಾಗ ಸಾಲಿನಲ್ಲಿ ಒಬ್ಬಳು ಇರಲಿಲ್ಲ. 'ಮೃತಳ ಸ್ವಂತ ಅಜಾಗರೂಕತೆಯೇ ಕಾರಣ' ಎಂದು ಬರೆದು ಕಡತ ಮುಚ್ಚಿದ್ದರು. ಬರೆದವರು ಹಿಂದೆ ಇದೇ ಕುರ್ಚಿಯಲ್ಲಿ ಕೂತಿದ್ದವರು. ನಿನ್ನೆ ತಾವೇ ಮಗುಚಿದ ಆ ಮನೆಯ ಹಾಸಿಗೆ ನೆನಪಾಗಿ ಇನ್‌ಸ್ಪೆಕ್ಟರಿಗೆ ನಾಚಿಕೆಯಾಯಿತು.

ಅವರು ಕಾರ್ಯದರ್ಶಿಗೆ ಫೋನ್ ಮಾಡಿದರು. "ರೇಲಿಂಗ್ ಬಗ್ಗೆ ಚಿತ್ರಕಾರರು ನಿಮ್ಮ ಹತ್ರ ಮಾತಾಡಿದ್ರಾ?"

"ಮಾತಾಡಿದ್ರು. ಹಾಕಿಸಿ ಅಂದ್ರು. ಒಂದೆರಡು ಸಲ ಅಲ್ಲ, ದಿನಾ ಫೋನು."

"ನೀವೇನಂದ್ರಿ?"

"ಮಾರುವಾಗ ಷರತ್ತು ಹಾಕಿದ್ದೇ ಅವರು ಮೇಡಂ. ಸ್ಕೆಚ್‌ನಲ್ಲಿ ಇರೋದೆಲ್ಲ ರಂಗದ ಮೇಲಿರಬೇಕು, ಇಲ್ಲದ್ದು ಒಂದು ಮೊಳೆನೂ ಇರಬಾರದು ಅಂತ. ನಿಮ್ಮ ಮಾತೇ ನಮಗೆ ಕಾನೂನು ಸರ್ ಅಂದೆ. ವಯಸ್ಸಾಯ್ತಲ್ಲ, ಮರೆತಿದ್ರು ಅನ್ಸುತ್ತೆ."

ಇನ್‌ಸ್ಪೆಕ್ಟರ್ ಜೀಪು ಹತ್ತಿ ಮತ್ತೆ ಮಂದಿರಕ್ಕೆ ಹೋದರು. ಕಾವಲುಗಾರ ಎದ್ದು ನಿಂತ.

"ಹೊರಗಿನವರು ಬಂದಿಲ್ಲ ಅಂದೆ. ಒಳಗಿನವರು?"

"ಒಳಗಿನವರು ಅಂದ್ರೆ?"

"ನೀನು ಹೊರಗಿನವರು ಅಂದ್ಕೊಳ್ಳದೆ ಇರೋರು."

"ಅಜ್ಜ ಬಂದಿದ್ರು, ಗುರುವಾರ. ಅವರ ಚಿತ್ರ ಅವರು ನೋಡೋಕೆ ಬಂದ್ರೆ ಅದನ್ನೂ ಹೇಳ್ಬೇಕಾ ಮೇಡಂ?"

"ಒಳಗೆ ನೀನೂ ಇದ್ಯಾ?"

"ಬಾಗಿಲು ಹಾಕು, ಸ್ವಲ್ಪ ಹೊತ್ತು ಒಬ್ಬನೇ ಇರ್ತೀನಿ ಅಂದ್ರು."

"ಕೈಯಲ್ಲಿ ಏನಿತ್ತು?"

"ರಟ್ಟಿನ ದೊಡ್ಡ ಫೈಲು. ಪಾಪ, ಹಿಡ್ಕೊಳ್ಳೋಕಾಗ್ದೆ ಒದ್ದಾಡ್ತಿದ್ರು. ಹೋಗುವಾಗ ನಾನೇ ಎತ್ಕೊಂಡು ಹೋಗಿ ಟ್ಯಾಕ್ಸೀಲಿಟ್ಟೆ."

ತಾನು ಹೇಳಿದ್ದು ಅವನಿಗೆ ನಿಧಾನವಾಗಿ ಅರ್ಥವಾಯಿತು. ಸೊಂಟದಿಂದ ಬೀಗದ ಕೈ ಬಿಚ್ಚಿ ಇನ್‌ಸ್ಪೆಕ್ಟರ್ ಮುಂದೆ ಹಿಡಿದ.

ಚಿತ್ರಕಾರರ ಮನೆ ಇಕ್ಕಟ್ಟಾದ ಬೀದಿಯೊಂದರ ಕೊನೆಯಲ್ಲಿತ್ತು. ಬಾಗಿಲು ತೆರೆದ ಸೊಸೆ ಪೊಲೀಸರನ್ನು ಕಂಡು ಸೆರಗಿನಲ್ಲಿ ಕೈ ಒರೆಸಿಕೊಂಡಳು. "ಮಾವನಿಗೆ ಮೈ ಹುಷಾರಿಲ್ಲ. ಗುರುವಾರದಿಂದ ನೆಟ್ಟಗೆ ಊಟಾನೇ ಮಾಡ್ತಿಲ್ಲ. ಬಾಗಿಲು ಹಾಕ್ಕೊಂಡು ಕೂತಿದಾರೆ, ಕೇಳಿದ್ರೆ ರೇಗ್ತಾರೆ."

ಹಿಂದಿನ ಕೋಣೆಗೆ ಒಂದೇ ಕಿಟಕಿ. ಮುದುಕರು ಇಳಿಜಾರು ಮೇಜಿಗೆ ಬಾಗಿ, ಎಡಗೈಯಲ್ಲಿ ಬಲಗೈ ಮಣಿಕಟ್ಟನ್ನು ಅದುಮಿ ಹಿಡಿದು ಕೂತಿದ್ದರು. ಆದರೂ ಬಲಗೈ ನಡುಗುತ್ತಿತ್ತು. ನೆಲದ ತುಂಬ ಹಾಳೆಗಳು ಬಿದ್ದಿದ್ದವು. ಎಲ್ಲದರಲ್ಲೂ ಅದೇ: ಸೊಟ್ಟಸೊಟ್ಟ ಕಂಬಗಳು, ಅವುಗಳ ಮೇಲೊಂದು ಅಡ್ಡಗೆರೆ. ಮೇಜಿನ ಮೇಲೆ ಮೂರನೇ ಅಂಕದ ಸ್ಕೆಚ್ ಇತ್ತು. ಮೆಟ್ಟಿಲು ಒಂದೇ ಉಸಿರಿಗೆ ಎಳೆದಂಥ ನೇರ ಗೆರೆಗಳದ್ದು. ಅದರ ಅಂಚಿಗೆ ರೇಲಿಂಗ್ ಬಂದಿತ್ತು, ಮಕ್ಕಳು ಬರೆದ ಹಾಗೆ ಅಂಕುಡೊಂಕಾಗಿ.

"ಇದನ್ನ ನೀವು ಮಾರಿದೀರಿ, ಸರ್."

"ಹೌದು."

"ಹೇಳದೆ ತಂದಿದೀರಿ."

"ಹೌದು. ಮಾರನೇ ದಿನಾನೇ ವಾಪಸ್ ಇಡೋಣ ಅಂತಿದ್ದೆ. ಕೈ ಮಾತು ಕೇಳ್ಲಿಲ್ಲ."

"ಯಾಕೆ ಮಾಡಿದ್ರಿ?"

"ಅವನ ಹತ್ರ ಬೇಡ್ಕೊಂಡೆ. ಸ್ಕೆಚ್‌ನಲ್ಲಿ ಇಲ್ಲ ಅಂದ. ಹಾಗಾದ್ರೆ ಸ್ಕೆಚ್‌ನಲ್ಲೇ ಇರ್ಲಿ ಅಂದ್ಕೊಂಡೆ." ಅವರು ಪೆನ್ಸಿಲ್ ಬಿಡಲಿಲ್ಲ. "ಇನ್ನೆರಡು ಕಂಬ ಬಾಕಿ ಇದೆಯಮ್ಮ."

ಇನ್‌ಸ್ಪೆಕ್ಟರ್ ಆ ಕ್ಷಣವೇ ಹಾಳೆಯನ್ನು ಕಿತ್ತುಕೊಳ್ಳಬೇಕಿತ್ತು. ಕಳವು ಮಾಲಿನ ಮೇಲೆ ಬೀಳುವ ಒಂದೊಂದು ಗೆರೆಯೂ ಹೊಸ ಅಪರಾಧವೆಂದು ಅವರಿಗೆ ಗೊತ್ತಿತ್ತು. ಮುಂದಿನ ತಿಂಗಳು ಆ ಮೆಟ್ಟಿಲನ್ನು ಕತ್ತಲಲ್ಲಿ ಇಳಿಯಬೇಕಾದ ಹುಡುಗಿಯರು ಇದ್ದಾರೆಂಬುದೂ ಗೊತ್ತಿತ್ತು. ಅವರು ಹೆಡ್‌ಕಾನ್‌ಸ್ಟೇಬಲ್ ಕಡೆ ತಿರುಗಿದರು.

"ಸಾಕ್ಷಿಗೆ ಪಂಚರಿಲ್ಲದೆ ಜಪ್ತಿ ಮಾಡೋ ಹಾಗಿಲ್ಲ. ಇಬ್ಬರನ್ನ ಕರ್ಕೊಂಡು ಬಾ. ವಿಷಯ ಏನು ಅಂತ ಅವರಿಗೆ ಬಿಡಿಸಿ ಹೇಳು."

ಪುರಾಣಪ್ಪನಿಗೆ ತಕ್ಷಣ ಅರ್ಥವಾಯಿತು. ಅವನ ಇಡೀ ಸರ್ವೀಸಿನಲ್ಲಿ ಮೇಲಧಿಕಾರಿಯೊಬ್ಬರು ಬಿಡಿಸಿ ಹೇಳು ಎಂದದ್ದು ಇದೇ ಮೊದಲು. ಅವನು ಪಂಚರನ್ನು ಕರೆತರುವ ಹೊತ್ತಿಗೆ ಕಂಬಗಳು ಮುಗಿದು, ಮುದುಕರು ಪೆನ್ಸಿಲ್ ಕೆಳಗಿಟ್ಟು ಕಣ್ಣು ಮುಚ್ಚಿ ಕೂತಿದ್ದರು.

ಪಂಚನಾಮೆಯಲ್ಲಿ ಇನ್‌ಸ್ಪೆಕ್ಟರ್ ತಾವೇ ಬರೆಸಿದರು: 'ಸದರಿ ಸ್ಕೆಚ್‌ನಲ್ಲಿ ಮೆಟ್ಟಿಲಿನ ಉದ್ದಕ್ಕೂ ರೇಲಿಂಗ್ ಇರುತ್ತದೆ.' ಸ್ಕೆಚ್ಚನ್ನು ಲಕೋಟೆಗೆ ಹಾಕಿ ಅರಗಿನ ಮುದ್ರೆ ಒತ್ತಿದರು. ಸಂಜೆ ಐದಕ್ಕೆ ಬಂಧನವಾಯಿತು. ಬಂಧನ ಪತ್ರಕ್ಕೆ ಸಹಿ ಹಾಕಲು ಮುದುಕರು ಎರಡು ಸಲ ಪ್ರಯತ್ನಿಸಿದರು, ಅಕ್ಷರ ಮೂಡಲಿಲ್ಲ. ಕೊನೆಗೆ ಪುರಾಣಪ್ಪ ಅವರ ಹೆಬ್ಬೆರಳಿಗೆ ಮಸಿ ಹಚ್ಚಿ ಒತ್ತಿಸಿಕೊಂಡ. ಅವತ್ತು ಅವನಿಗೆ ಯಾವ ಕತೆಯೂ ನೆನಪಾಗಲಿಲ್ಲ.

ಸುದ್ದಿ ತಿಳಿದು ಕಾರ್ಯದರ್ಶಿ ಓಡಿಬಂದರು. "ಹಾಳಾಗೋಯ್ತಲ್ಲ ಮೇಡಂ. ಹೋಗಲಿ, ಪೆನ್ಸಿಲ್ ತಾನೇ. ನಮ್ಮ ತಜ್ಞರು ಅಳಿಸ್ತಾರೆ, ಒಂದು ಗಂಟೆ ಕೆಲಸ. ಯಾವಾಗ ಕೊಡ್ತೀರಿ?"

"ಅದೀಗ ಮುದ್ದೇಮಾಲು, ಕೇಸಿನ ಸಾಕ್ಷ್ಯ. ಕೋರ್ಟ್ ಹೇಳೋವರೆಗೂ ಮುದ್ರೆ ಒಡೆಯಂಗಿಲ್ಲ. ಮುಟ್ಟಿದ್ರೆ ನಿಮ್ಮ ಮೇಲೂ ಕೇಸಾಗುತ್ತೆ."

"ನಾವು ಹಳೇ ಫೋಟೋ ನೋಡ್ಕೊಂಡು ಕಟ್ತೀವಿ ಬಿಡಿ."

"ಕಟ್ಟಿ. ಅದಕ್ಕೂ ಮೊದಲು ನಿಮ್ಮ ವಕೀಲರನ್ನ ಕೇಳಿ. ಬರೆದವರೇ ರೇಲಿಂಗ್ ಬೇಕು ಅಂದಿದ್ದು ಪೊಲೀಸ್ ದಾಖಲೇಲಿದೆ. ಇನ್ನೊಬ್ಬರು ಬಿದ್ರೆ, ಈ ಸಲ ಅಜಾಗರೂಕತೆ ಅಂತ ಬರೆಯೋಳು ನಾನಲ್ಲ."

ಕಾರ್ಯದರ್ಶಿ ಜೇಬಿನಿಂದ ಫೋನ್ ತೆಗೆಯುತ್ತ ಹೊರಟುಹೋದರು. ಮರುದಿನ ಬೆಳಿಗ್ಗೆ ಫೋನ್ ಬಂತು: ವಕೀಲರು ಹೆದರಿಸಿದ್ದಾರೆ, ರೇಲಿಂಗ್ ಹಾಕಲು ಮೇಸ್ತ್ರಿಗೆ ಹೇಳಿಯಾಗಿದೆ.

ನ್ಯಾಯಾಲಯಕ್ಕೆ ಕರೆದೊಯ್ಯುವ ಮುಂಚೆ ಇನ್‌ಸ್ಪೆಕ್ಟರ್ ಅದನ್ನು ಮುದುಕರಿಗೆ ತಿಳಿಸಿದರು. ಖುಷಿಪಡುತ್ತಾರೆ ಎಂದುಕೊಂಡಿದ್ದರು. ಮುದುಕರು ಹೆಬ್ಬೆರಳಿಗೆ ಹತ್ತಿದ ಮಸಿಯನ್ನು ಬಟ್ಟೆಗೆ ಒರೆಸಿಕೊಂಡರು.

"ಇನ್ನೊಂದಿದೆ. ಬರ್ಕೊಳ್ಳಿ."

"ಹೇಳಿ."

"ಆ ಹುಡುಗಿ ನನ್ನ ಹತ್ರ ಬಂದಿದ್ಲು, ತಾಲೀಮಿನ ಟೈಮಲ್ಲಿ. ಭಯ ಆಗುತ್ತೆ ಸರ್ ಅಂದ್ಲು. ರೇಲಿಂಗ್ ಬೇಡ, ಒಂದು ಕಪ್ಪು ಹಗ್ಗ ಕಟ್ಟಿಸಿ ಸಾಕು, ಯಾರಿಗೂ ಕಾಣಲ್ಲ ಅಂದ್ಲು."

"ನೀವು?"

"ಹೆದರ್ಕೊಂಡೇ ಇಳಿಯಮ್ಮ, ಮುಖ ಚೆನ್ನಾಗಿ ಕಾಣುತ್ತೆ ಅಂದೆ." ಅವರ ದನಿ ಕುಗ್ಗಿತು. "ಅವಳ ತಮ್ಮನಿಗೆ ಇದನ್ನ ಓದಿ ಹೇಳಿ. ಅವನು ಮನೆಗೆ ಬಂದಾಗ ಹೇಳೋಕಾಗ್ಲಿಲ್ಲ."

ಮೇಸ್ತ್ರಿ ಸಾಕ್ಷಿ ಹೇಳಿಕೆಗೆ ಸಹಿ ಹಾಕಲು ಬಂದು ಹೊರಗೆ ಬೆಂಚಿನ ಮೇಲೆ ಕೂತಿದ್ದ. ಇನ್‌ಸ್ಪೆಕ್ಟರ್ ಪಕ್ಕದಲ್ಲೇ ಕೂತು ಕಾಗದವನ್ನು ಮೆಲ್ಲಗೆ ಓದಿದರು. ಅವನು ಬೈಯುತ್ತಾನೆ, ಒಳಗೆ ನುಗ್ಗುತ್ತಾನೆ ಎಂದು ಪುರಾಣಪ್ಪ ಬಾಗಿಲಿಗೆ ಅಡ್ಡ ನಿಂತಿದ್ದ. ಮೇಸ್ತ್ರಿ ಕಾಗದದತ್ತ ಬಾಗಿದ.

"ಹಗ್ಗ ಕೇಳಿದ್ಲಾ?"

"ಕೇಳಿದ್ರಂತೆ."

"ಅಮ್ಮ ಸಾಯೋ ತನಕ ಅವಳನ್ನೇ ಬೈತಿದ್ರು ಮೇಡಂ. ಕೆಳಗೆ ನೋಡ್ಕೊಂಡು ನಡೀಬಾರದಿತ್ತಾ, ಯಾವಾಗ್ಲೂ ಮೈಮೇಲೆ ಜ್ಞಾನ ಇರ್ತಿರ್ಲಿಲ್ಲ ಅಂತ." ಅವನು ಮುಖ ಒರೆಸಿಕೊಂಡ. "ನಾನೂ ಬೈದಿದೀನಿ."

ಇನ್‌ಸ್ಪೆಕ್ಟರ್ ಸಹಿಗೆಂದು ತಂದ ಪೆನ್ನನ್ನು ಬೆಂಚಿನ ಮೇಲಿಟ್ಟರು. ಅವನು ಬಹಳ ಹೊತ್ತು ಅದನ್ನು ಕೈಗೆತ್ತಿಕೊಳ್ಳಲಿಲ್ಲ. ಯಾರೂ ಅವಸರ ಮಾಡಲಿಲ್ಲ.