ಕತ್ತರಿಸಿಟ್ಟ ಉಸಿರು

ಅವನ ಮುಖ ನೋಡುವುದಕ್ಕೆ ಮೊದಲೇ ಅವಳು ಅವನ ಉಸಿರನ್ನು ಕೇಳಿದ್ದಳು. ಹೀಗೆಂದರೆ ಯಾರಾದರೂ ಮುಸಿಮುಸಿ ನಕ್ಕಾರು, ಆದರೆ ಅವಳ ಕೆಲಸವೇ ಅಂಥದು. ರೆಕಾರ್ಡಿಂಗ್ ಕಂಪನಿಯೊಂದರ ಮೂರನೇ ಮಹಡಿಯಲ್ಲಿ, ಕಿಟಕಿಯಿಲ್ಲದ ಕೋಣೆಯಲ್ಲಿ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಬೇರೆಯವರು ನುಡಿಸಿದ್ದರೊಳಗಿನ ಬೇಡದ ಸದ್ದುಗಳನ್ನು ಹುಡುಕಿ ತೆಗೆಯುವುದು. ಕುರ್ಚಿ ಕಿರುಗುಟ್ಟಿದ್ದು, ಹಾಳೆ ಮಗುಚಿದ್ದು, ಯಾರೋ ಗಂಟಲು ಸರಿಮಾಡಿಕೊಂಡದ್ದು. ಬೇರೆಡೆ ರೆಕಾರ್ಡ್ ಆಗಿ ಬಂದ ಅವನ ಮೊದಲ ಆಲ್ಬಂನಿಂದ ಇನ್ನೂರ ಹನ್ನೆರಡು ಉಸಿರುಗಳನ್ನು ಕತ್ತರಿಸಿದ್ದಳು.

ಅವನು ಜಾಝ್ ನುಡಿಸುವ ಕ್ಲಾರಿನೆಟ್‌ಗಾರ. ಆಲ್ಬಂ ಹೊರಬಂದ ಮೂರನೇ ದಿನ ಮೆಟ್ಟಿಲು ಹತ್ತಿಕೊಂಡು ಬಂದು ಬಾಗಿಲಲ್ಲೇ ನಿಂತ.

"ನನ್ನ ಉಸಿರು ತೆಗೆದವರು ಯಾರು?"

ಬೈಸಿಕೊಳ್ಳಲು ಸಿದ್ಧಳಾಗಿ ಅವಳು ಹೆಡ್‌ಫೋನ್ ಕೆಳಗಿಟ್ಟಳು. "ನಾನೇ. ಏನಾಯ್ತು?"

"ಏನೂ ಆಗ್ಲಿಲ್ಲ. ಕೇಳಿ ನನಗೇ ಹೊಟ್ಟೆಕಿಚ್ಚಾಯ್ತು, ಇಷ್ಟು ಚೆನ್ನಾಗಿ ಊದೋನು ಯಾರಪ್ಪಾ ಅಂತ."

ಅವಳಿಗೆ ನಗು ತಡೆಯಲಾಗಲಿಲ್ಲ. ಅವನ ಕೆಳತುಟಿಯ ನಡುವೆ ವರ್ಷಗಟ್ಟಲೆ ಊದಿದ್ದರ ಸಣ್ಣ ಗುರುತೊಂದಿತ್ತು. ಅವಳ ಕಣ್ಣು ಅಲ್ಲಿಗೆ ಹೋಗಿ ತಕ್ಷಣ ಗೋಡೆಯ ಕಡೆ ಹೊರಳಿತು. ಅವನು ಅದನ್ನು ಗಮನಿಸಿದ. ಗಮನಿಸಿದ್ದು ತಿಳಿಯಲಿ ಎಂದೇ ತುಟಿಯನ್ನು ಒಮ್ಮೆ ಒರೆಸಿಕೊಂಡ. ಅವತ್ತಿನಿಂದ ಅವಳಿಗೆ 'ಕತ್ತರಿ' ಎಂದು ಹೆಸರಿಟ್ಟ. ವಾರ ಕಳೆಯುವುದರೊಳಗೆ ಡ್ರಮ್ ಬಾರಿಸುವವನಿಂದ ಹಿಡಿದು ಲಿಫ್ಟ್ ರಿಪೇರಿಯವನವರೆಗೆ ಎಲ್ಲರೂ ಹಾಗೇ ಕರೆಯತೊಡಗಿದರು.

ಅವನಿಗೆ ಗೊತ್ತಿಲ್ಲದ್ದು ಒಂದಿತ್ತು. ಕತ್ತರಿಸಿದ ಚೂರುಗಳನ್ನು ಎಲ್ಲರೂ ಅಳಿಸಿಬಿಡುತ್ತಾರೆ, ಅವಳೂ ಬೇರೆಯವರದನ್ನು ಅಳಿಸುತ್ತಿದ್ದಳು. ಅವನ ಉಸಿರುಗಳನ್ನು ಮಾತ್ರ ತಾರೀಖು ಹಾಕಿ ಒಂದು ಫೋಲ್ಡರಿನಲ್ಲಿ ಇಟ್ಟುಕೊಂಡಿದ್ದಳು. ಯಾಕೆ ಎಂದು ತನ್ನನ್ನೇ ಕೇಳಿಕೊಳ್ಳುವ ಧೈರ್ಯ ಮಾಡಿರಲಿಲ್ಲ.

ನಾಲ್ಕೂವರೆ ವರ್ಷ, ನಾಲ್ಕು ಆಲ್ಬಂ. ಅವನ ಕ್ಲಾರಿನೆಟ್ ಕೆಳಗಿನ ಸ್ವರಗಳಲ್ಲಿ ಹಳೇ ಮರದ ಬೀರು ತೆರೆದ ಹಾಗೆ ಕತ್ತಲು ಕತ್ತಲಾಗಿ ಕೇಳುತ್ತಿತ್ತು, ಮೇಲಕ್ಕೆ ಹೋದಂತೆ ತೆಳ್ಳಗಾಗಿ ಇನ್ನೇನು ಒಡೆದೇಹೋಯಿತು ಅನ್ನಿಸುವಲ್ಲಿ ನಿಲ್ಲುತ್ತಿತ್ತು. ಪ್ರತಿ ಆಲ್ಬಂನ ಕೊನೆಗೆ, ಉಳಿದ ವಾದ್ಯಗಳೆಲ್ಲ ಸುಮ್ಮನಾದ ಮೇಲೆ, ಅವನೊಬ್ಬನೇ ಒಂದೇ ಉಸಿರಿನಲ್ಲಿ ಇಪ್ಪತ್ತೆರಡು ಸೆಕೆಂಡು ನುಡಿಸುತ್ತಿದ್ದ. ಬ್ಯಾಂಡಿನವರು ಅದನ್ನು 'ಉದ್ದ ಸಾಲು' ಅನ್ನುತ್ತಿದ್ದರು. ಕೇಳುಗರು ಅದಕ್ಕಾಗಿಯೇ ಕಾಯುತ್ತಿದ್ದರು.

ನಾಲ್ಕನೇ ಆಲ್ಬಂನ ಹೊತ್ತಿಗೆ ಉದ್ದ ಸಾಲು ಬರಲಿಲ್ಲ. ಹದಿನಾಲ್ಕಕ್ಕೇ ಮುರಿಯಿತು. ಮತ್ತೆ ಮತ್ತೆ ನುಡಿಸಿದ, ಎಲ್ಲೆಲ್ಲಿ ಮುರಿಯಿತೆಂಬ ಲೆಕ್ಕ ಅವನಿಗೇ ತಪ್ಪಿತು. "ನೆಗಡಿ" ಎಂದ ಅವನು. ಗಾಜಿನ ಗೋಡೆಯಾಚೆ, ನುಡಿಸುವ ಕೋಣೆಯಲ್ಲಿ, ಅವನ ಮುಖ ಎಷ್ಟು ಸಣ್ಣದಾಗಿತ್ತೆಂದರೆ, ಅವಳು ಅವತ್ತು ಸಂಜೆ ಅವುಗಳಲ್ಲಿ ಎರಡು ಪ್ರಯತ್ನಗಳನ್ನು ತೆಗೆದುಕೊಂಡು, ನಡುವಿನ ಉಸಿರನ್ನು ಕಿತ್ತು, ಹೊಲಿಗೆ ಕಾಣದಂತೆ ಜೋಡಿಸಿಬಿಟ್ಟಳು. ಯಾರಿಗೂ ಹೇಳಲಿಲ್ಲ. ಅವನಿಗೆ, ಅಷ್ಟರಲ್ಲಿ ಒಂದು ಪೂರ್ತಿ ಬಂದಿತ್ತು ಎಂದಷ್ಟೇ ಹೇಳಿದಳು. ಪ್ರೀತಿ ಮಾಡುವವರು ಮಾಡುವ ಮೂರ್ಖತನಗಳಲ್ಲಿ ಇದೂ ಒಂದು. ಮಾಡುವಾಗ ಅದು ಉಪಕಾರದ ಹಾಗೇ ಕಾಣುತ್ತದೆ.

ಈಗ ಐದನೇ ಆಲ್ಬಂ, ಉದ್ದ ಸಾಲೊಂದನ್ನು ಬಿಟ್ಟು ಉಳಿದದ್ದೆಲ್ಲ ರೆಕಾರ್ಡ್ ಆಗಿತ್ತು. ಕಂಪನಿಯವರು ಐದನ್ನೂ ಒಂದೇ ಪೆಟ್ಟಿಗೆಯಲ್ಲಿ ಹಾಕಿ ತರುತ್ತೇವೆ, ಎಲ್ಲವನ್ನೂ ಮೊದಲಿನಿಂದ ಕೇಳಿ ಸದ್ದು ಹೊಂದಿಸು ಎಂದಿದ್ದರು. ಹಾಗಾಗಿ ಅವಳು ಆರು ವರ್ಷಗಳನ್ನು ಮೂರು ದಿನದಲ್ಲಿ ಕೇಳಿದಳು. ಮೂರನೇ ದಿನ ಊಟದ ಹೊತ್ತಿಗೆ ಏನೋ ಮನಸ್ಸಾಗಿ ಆ ಫೋಲ್ಡರನ್ನು ತೆರೆದು, ಉಸಿರುಗಳನ್ನು ಮೊದಲನೆಯದರಿಂದ ಒಂದರ ಹಿಂದೊಂದು ಬಿಟ್ಟಳು.

ಮೊದಮೊದಲಿನವು ತುಂಬಿಕೊಂಡು ದುಂಡಗಿದ್ದವು. ಎರಡನೇ ಆಲ್ಬಂನವೂ ಹಾಗೇ. ಮೂರನೆಯದರಲ್ಲಿ ಗಿಡ್ಡವಾಗಿದ್ದವು. ನಾಲ್ಕನೆಯದರಲ್ಲಿ ಅಲ್ಲೊಂದು ಇಲ್ಲೊಂದು ಉಸಿರಿನ ಬಾಲಕ್ಕೆ ಕೂದಲೆಳೆಯಷ್ಟು ಸಿಳ್ಳೆ ಸೇರಿಕೊಂಡಿತ್ತು. ಐದನೆಯದರಲ್ಲಿ ಆ ಸಿಳ್ಳೆ ಇಲ್ಲದ ಉಸಿರೇ ಇರಲಿಲ್ಲ.

ಆ ಸಿಳ್ಳೆ ಅವಳಿಗೆ ಗೊತ್ತಿತ್ತು. ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯಿಂದ ಕೆಲಸ ಬಿಟ್ಟು ಮನೆಗೆ ಬಂದ ಅಪ್ಪನ ಕೋಣೆಯಲ್ಲಿ ಹತ್ತು ತಿಂಗಳು ಅದನ್ನು ಕೇಳಿದ್ದಳು. ಹನ್ನೊಂದನೇ ತಿಂಗಳು ಕೇಳುವುದಕ್ಕೆ ಏನೂ ಇರಲಿಲ್ಲ.

ಬಾಗಿಲು ತಟ್ಟದೆ ಅವನು ಒಳಬಂದ. ಎರಡೂ ಕೈಯಲ್ಲಿ ಟೀ. "ಕತ್ತರಿ ಮೇಡಂ ಊಟಾನೂ ಕತ್ತರಿಸಿಬಿಟ್ರಂತೆ?"

ಅವಳು ಪಟ್ಟನೆ ಸದ್ದು ನಿಲ್ಲಿಸಿದಳು. ಅವನು ಏದುಸಿರು ಬಿಡುತ್ತ ಗೋಡೆಗೆ ಒರಗಿದ. ಮೂರು ಮಹಡಿ ಹತ್ತಿದ್ದ. ಮೊದಲಾದರೆ ಹಾಡು ಗುನುಗುತ್ತ ಬರುತ್ತಿದ್ದ.

"ಲಿಫ್ಟ್‌ನಲ್ಲಿ ಬರಬಾರದಿತ್ತಾ?"

"ಕೆಟ್ಟಿದೆ. ಅದರ ರಿಪೇರಿಯವನು ನಿಮ್ಮನ್ನ ನೋಡೋಕೆ ಅಂತಾನೇ ಅದನ್ನ ಕೆಡಿಸ್ತಾನೆ ಅನ್ಸುತ್ತೆ." ಅವನು ಕುಳಿತ. ಟೀ ಕಪ್ಪಿನ ಅಂಚಿನ ಮೇಲಿಂದ ಅವಳನ್ನೇ ನೋಡಿದ. ಆ ನೋಟಕ್ಕೆ ಬೇರೆ ದಿನವಾಗಿದ್ದರೆ ಅವಳ ಕೆನ್ನೆ ಬಿಸಿಯಾಗುತ್ತಿತ್ತು. "ಅಕ್ಕ ಒಬ್ಬಳು ಸಾಲದು ಅಂತ ನೀವೂ ಶುರು ಮಾಡ್ಬೇಡಿ."

"ಅಕ್ಕ ಏನಂತಾರೆ?"

"ಡಾಕ್ಟರ ಹತ್ರ ಹೋಗು, ನಿನ್ನ ಎದೆ ಸದ್ದು ಸರಿಯಿಲ್ಲ ಅಂತ ದಿನಾ ಒಂದೇ ರಾಗ. ಮೊನ್ನೆ ಬಾಯಿ ಮುಚ್ಚಿಸಿದೆ. ನಾಲ್ಕನೇ ಆಲ್ಬಂ ಹಾಕಿ ಉದ್ದ ಸಾಲು ಕೇಳಿಸ್ದೆ. ಕೈಗೆ ಗಡಿಯಾರ ಕೊಟ್ಟು, ನೀನೇ ಎಣಿಸು ಅಂದೆ. ಇಪ್ಪತ್ತೆರಡು. ಎದೆ ಕೆಟ್ಟೋನು ಹಿಂಗೆ ಊದ್ತಾನಾ?" ಅವನು ನಕ್ಕ. ಆಮೇಲೆ ದನಿ ತಗ್ಗಿಸಿದ. "ನಿಜ ಹೇಳ್ಲಾ? ನನಗೂ ಒಂದೊಂದ್ಸಲ ಭಯ ಆಗುತ್ತೆ. ಆಗೆಲ್ಲ ನಾನೂ ಅದನ್ನೇ ಹಾಕ್ಕೊಂಡು ಕೇಳ್ತೀನಿ. ಧೈರ್ಯ ಬರುತ್ತೆ."

ತಾನು ಹೊಲಿದುಕೊಟ್ಟ ಸುಳ್ಳನ್ನು ಕೇಳಿಕೊಂಡು ಅವನು ಒಂದೂವರೆ ವರ್ಷ ಆಸ್ಪತ್ರೆಯ ದಾರಿ ಹಿಡಿಯದೆ ಉಳಿದಿದ್ದ. ಈಗ ಹೇಳಿದರೆ ಅವನು ಈ ಮೆಟ್ಟಿಲು ಮತ್ತೆ ಹತ್ತಲಿಕ್ಕಿಲ್ಲ. ಹೇಳದಿದ್ದರೆ ಯಾವ ಮೆಟ್ಟಿಲನ್ನೂ ಹತ್ತಲಾರ.

ಹೆಡ್‌ಫೋನ್ ತೆಗೆದು ತಾನೇ ಅವನ ಕಿವಿಗಿಟ್ಟಳು. ಆರು ವರ್ಷಗಳಲ್ಲಿ ಅವಳು ಅವನನ್ನು ಮುಟ್ಟಿದ್ದು ಅದೇ ಮೊದಲು.

ಅವನು ಹುಬ್ಬು ಹಾರಿಸಿದ, ತುಟಿಯ ಕೊನೆಯಲ್ಲಿ ತುಂಟತನವಿತ್ತು. ಕ್ಲಾರಿನೆಟ್ ಬರುತ್ತದೆಂದು ಕಾದ. ಬರಲಿಲ್ಲ. ಉಸಿರು, ಮತ್ತೆ ಉಸಿರು, ಮತ್ತೆ ಉಸಿರು. ಮೂರನೇ ಆಲ್ಬಂ ದಾಟುವಾಗ ತುಂಟತನ ಹೋಯಿತು. ಐದನೆಯದಕ್ಕೆ ಬರುವಾಗ ಮುಖ ಬಿಳಿಚಿಕೊಂಡಿತ್ತು. ಅವನ ಕಿವಿಯೂ ಪಳಗಿದ ಕಿವಿಯೇ.

"ಇದು ಯಾರದು?" ಅವನಿಗೆ ಉತ್ತರ ಗೊತ್ತಿತ್ತು.

"ನಿಮ್ಮದೇ. ನಾಲ್ಕನೇ ಆಲ್ಬಂನ ಉದ್ದ ಸಾಲು ಒಂದೇ ಉಸಿರಿಂದಲ್ಲ. ಎರಡನ್ನ ನಾನು ಜೋಡಿಸಿದ್ದು. ನಿಮ್ಮ ಮುಖ ನೋಡೋಕಾಗ್ಲಿಲ್ಲ, ಅದಕ್ಕೆ."

ಅವನು ಎದ್ದ. ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು. ಗಾಜಿನಾಚೆಯ ಕೋಣೆಗೆ ಹೋಗಿ ಪೆಟ್ಟಿಗೆ ತೆರೆದು ಕ್ಲಾರಿನೆಟ್ ಜೋಡಿಸಿದ. ಮೈಕಿನ ಮುಂದೆ ನಿಂತು, ಅವಳತ್ತ ನೋಡದೆ, ಉದ್ದ ಸಾಲು ಎತ್ತಿಕೊಂಡ.

ಅವಳ ಮುಂದೆ ಸೆಕೆಂಡುಗಳು ಓಡಿದವು. ಐದು. ಎಂಟು. ಸ್ವರ ಇನ್ನೂ ಚೆನ್ನಾಗಿಯೇ ಇತ್ತು. ಹನ್ನೊಂದಕ್ಕೆ ಮುರಿದು ಕೆಮ್ಮು ಬಂತು. ಕೆಮ್ಮು ನಿಲ್ಲುವುದಕ್ಕೆ ಹನ್ನೊಂದಕ್ಕಿಂತ ಹೆಚ್ಚು ಹಿಡಿಯಿತು.

ಅವನು ಮೈಕಿನಲ್ಲೇ ಕೇಳಿದ. "ಎಷ್ಟು ಉಸಿರು ಇಟ್ಕೊಂಡಿದ್ದೀರಿ?"

ಅವಳು ಗಾಜಿನಾಚೆಗೆ ಮಾತು ಕೇಳಿಸುವ ಗುಂಡಿ ಒತ್ತಿದಳು. "ಸಾವಿರದ ಇನ್ನೂರು ಚಿಲ್ಲರೆ."

"ಕಸ ಅದು. ಯಾಕೆ ಎಸೀಲಿಲ್ಲ?"

"ಮನಸ್ಸು ಬರ್ಲಿಲ್ಲ."

"ಯಾರಿಗೆ? ಕತ್ತರಿಗಾ?"

"ನನಗೆ," ಎಂದಳು. "ಮೊದಲನೇದನ್ನ ಕೇಳಿದಾಗಿಂದ್ಲೂ. ಇನ್ನೂ ನಿಮ್ಮ ಮುಖಾನೂ ನೋಡಿರಲಿಲ್ಲ."

ಗಾಜಿನಾಚೆ ಅವನು ಬಹಳ ಹೊತ್ತು ವಾದ್ಯವನ್ನು ಬಟ್ಟೆಯಲ್ಲಿ ಒರೆಸುತ್ತಲೇ ಇದ್ದ. ಆಮೇಲೆ ತಲೆಯೆತ್ತಿದ.

"ಅಕ್ಕನಿಗೆ ಫೋನ್ ಮಾಡು," ಎಂದ. ಆರು ವರ್ಷದ ಬಹುವಚನ ಅಲ್ಲಿಗೆ ಮುಗಿಯಿತು. "ನಾನು ಮಾಡಿದ್ರೆ ಅಳ್ತಾಳೆ. ನೀನೂ ಬಾ."

ಮಾರನೇ ಬೆಳಿಗ್ಗೆ ಎಕ್ಸ್‌ರೇ ಕೋಣೆಯ ಹೊರಗೆ ಬೆಂಚಿನ ಮೇಲೆ ಅವಳೂ ಅವನ ಅಕ್ಕನೂ ಕುಳಿತಿದ್ದರು. ಅಕ್ಕನ ಕೈಯಲ್ಲಿ ಅವನ ಕೋಟು, ಗಡಿಯಾರ, ಕನ್ನಡಕ. ಡಾಕ್ಟರು ಎದೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟವರು ಬೆನ್ನಿಗೂ ಇಟ್ಟು, ಮತ್ತೆ ಎದೆಗೇ ಬಂದಿದ್ದರು. ಎಕ್ಸ್‌ರೇ ಆಗಲಿ ಎಂದಿದ್ದರು.

"ನೀನು ಅವನಿಗೆ ಏನಾಗಬೇಕಮ್ಮ?" ಅಕ್ಕ ಕೇಳಿದಳು.

"ಅವರ ರೆಕಾರ್ಡ್ ಸರಿಮಾಡೋಳು."

ಅಕ್ಕ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಎಲ್ಲ ಗೊತ್ತಾಗಿತ್ತೇನೋ. ಕೋಟನ್ನು ಅವಳ ಮಡಿಲಿಗೆ ಹಾಕಿ, "ಇನ್ಮೇಲೆ ಸರಿಮಾಡ್ಬೇಡ," ಎಂದಳು.

ಒಳಗಿನಿಂದ ಎಕ್ಸ್‌ರೇ ತೆಗೆಯುವವನ ದನಿ ಬಂತು. "ಜೋರಾಗಿ ಉಸಿರು ಎಳ್ಕೊಳ್ಳಿ. ಹಿಡ್ಕೊಳ್ಳಿ. ಅಲ್ಲಾಡ್ಬೇಡಿ."

ಅವಳೂ ಉಸಿರು ಹಿಡಿದಳು. ಬಿಡಿ ಎಂಬ ಮಾತಿಗಾಗಿ ಕಾದಳು. ಮೂರು, ನಾಲ್ಕು, ಐದು. ಎಕ್ಸ್‌ರೇಯವನು ಹೇಳಲೊಲ್ಲ. ಮಡಿಲಲ್ಲಿದ್ದ ಕೋಟಿನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಬಿಡಿ."

ಮುಚ್ಚಿದ ಬಾಗಿಲಿನಾಚೆ ಅವನು ಉಸಿರು ಬಿಟ್ಟು, ಮತ್ತೆ ಎಳೆದುಕೊಂಡ. ಬಾಲಕ್ಕೆ ಆ ಸಣ್ಣ ಸಿಳ್ಳೆ ಇತ್ತು. ಬೇರೆ ಯಾರಿಗೂ ಕೇಳುವಂತಿರಲಿಲ್ಲ. ಅವಳು ಕಣ್ಣು ಮುಚ್ಚಿ ಅದರ ಮುಂದಿನದಕ್ಕಾಗಿ ಕಾದು ಕುಳಿತಳು.